ಅಂಗಡಿಯ ನಿಟ್ಟುಸಿರು

ನನ್ನ ಅಂಗಡಿಯ ಒಂದು ಆಸ್ತಿ ಕಳುವಾಗಿದೆ. ಹಾಡುಹಗಲಲ್ಲಿ, ನನ್ನದೇ ಮನೆಯ ನಡುಕೋಣೆಯಲ್ಲಿ, ನನ್ನದೇ ಖರ್ಚಿನ ಕೇಕು ತಿನ್ನುತ್ತಿದ್ದ ಸಾಕ್ಷಿಗಳ ಎದುರಿನಲ್ಲಿ ಕಳುವಾಗಿದೆ. ಕದ್ದವಳಿಗೆ ಒಂಬತ್ತು ವರ್ಷ. ಎರಡು ಜಡೆ, ಮುಂದಿನ ಒಂದು ಹಲ್ಲಿಲ್ಲ. ಪೊಲೀಸರಿಗೆ ದೂರು ಕೊಡೋಣವೆಂದರೆ ಕಳೆದ ಮಾಲಿನ ವಿವರ ಬರೆಸಬೇಕಲ್ಲ? ‘ನಿಟ್ಟುಸಿರು, ಒಂದು, ಚೆನ್ನಾಗಿ ಪಳಗಿದ್ದು’ ಎಂದು ಬರೆಸಿದರೆ ಅವರು ನನ್ನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ, ಮನೆಯವರಿಗೆ ಫೋನು ಮಾಡುತ್ತಾರೆ. (ಆ ಬೆಂಚೂ ನನ್ನ ಅಂಗಡಿಯದ್ದೇ. ಒಂದು ಕಾಲು ಕುಂಟು. ಅದು ಬೇರೆ ಮಾತು.)

ನಾನು ಕುರ್ಚಿ, ಮೇಜು, ಮಂಚ, ಸೋಫಾಗಳ ವ್ಯಾಪಾರಿ. ನಮ್ಮ ಕಸುಬಿನಲ್ಲಿ ಮರ ಮುಖ್ಯ ಎಂದು ನೀವು ತಿಳಿದಿದ್ದರೆ ನಿಮ್ಮಂಥ ಗಿರಾಕಿ ನನಗೆ ದಿನಕ್ಕೊಬ್ಬರು ಸಿಗಲಿ. ಮರ ಎಲ್ಲರ ಹತ್ತಿರವೂ ಇದೆ. ಮುಖ್ಯವಾದದ್ದು ಸೋಲು. ಗಿರಾಕಿ ತಾನು ಗೆದ್ದೆನೆಂದು ಬೀಗುತ್ತ ಮನೆಗೆ ಹೋಗಬೇಕು. ಗೆದ್ದವನು ಮಂಚ ಕಿರ್ರೆಂದರೂ ‘ಹೊಸದು, ಹಾಗೇ ಇರುತ್ತೆ’ ಎಂದು ಹೆಂಡತಿಗೆ ಸಮಾಧಾನ ಹೇಳುತ್ತಾನೆ. ಸೋತವನು ಅದೇ ಮಂಚವನ್ನು ಹೊತ್ತು ಬೆಳಗಾಗುವುದರೊಳಗೆ ಅಂಗಡಿ ಬಾಗಿಲಲ್ಲಿ ನಿಂತಿರುತ್ತಾನೆ. ಆದ್ದರಿಂದ ಬೇಕಾದ ಬೆಲೆಗೆ ಬಂದು ಮುಟ್ಟಿದ ಮೇಲೆ ನಾನು ಮೊದಲು ನಾಲಿಗೆಯಿಂದ ಒಂದು ‘ತ್ಚ್’ ಅನ್ನುತ್ತೇನೆ. ಚಾವಣಿಯ ಕಡೆಗೆ ಒಮ್ಮೆ ಕಣ್ಣೆತ್ತುತ್ತೇನೆ. ಆಮೇಲೆ, ಮನೆಮಠ ಮಾರಿದವನ ಎದೆಯಾಳದಿಂದ ಬರುವಂಥ ಒಂದು ದೀರ್ಘ ನಿಟ್ಟುಸಿರು. ‘ಹೋಗ್ಲಿ ಬಿಡಿ, ನಿಮಗೋಸ್ಕರ.’ ಇಷ್ಟು ಕೇಳಿ ಕೆಲವು ಗಿರಾಕಿಗಳು ನನ್ನ ಬೆನ್ನು ತಟ್ಟಿ ಧೈರ್ಯ ಹೇಳಿದ್ದೂ ಉಂಟು.

ಇಂಥ ವಿದ್ಯೆ ನೀರುಪಾಲಾದದ್ದು ಮಗಳ ಹುಟ್ಟುಹಬ್ಬದಲ್ಲಿ.

ಹಬ್ಬಕ್ಕೆ ಒಂದು ವಾರ ಮುಂಚೆ ಮಗಳು ಊಟದ ಮೇಜಿನ ಬಳಿ ಬಂದು, “ಅಪ್ಪಾ, ಲಾಯರ್ ಬರ್ತಾಳಂತೆ. ಆದ್ರೆ ಒಂದು ಕಂಡೀಷನ್” ಎಂದಳು. ಮಕ್ಕಳ ಪಾರ್ಟಿಗೂ ವಕೀಲರನ್ನು ಕರೆಯುವ ಕಾಲ ಬಂತೇ ಎಂದು ನಾನು ತುತ್ತು ಕೈಯಲ್ಲೇ ಹಿಡಿದು ಕೂತೆ. ಲಾಯರ್ ಅಂದರೆ ಅವಳ ತರಗತಿಯ ಗೆಳತಿಯಂತೆ. ಯಾವ ಆಟ ಶುರುವಾದರೂ ಮೊದಲು ರೂಲ್ಸು ಕೇಳುತ್ತಾಳೆ, ಆಟ ಮುಗಿದ ಮೇಲೆ ಅದೇ ರೂಲ್ಸು ಹಿಡಿದು ವಾದಿಸುತ್ತಾಳೆ, ಅದಕ್ಕೇ ಆ ಹೆಸರು. “ಅವಳಿಗೆ ಕಣ್ಣು ಕಾಣಲ್ಲ” ಎಂದೂ ಸೇರಿಸಿದಳು, ಅವಳಿಗೆ ಹಾಲಿನ ಕೆನೆ ಸೇರುವುದಿಲ್ಲ ಎನ್ನುವಷ್ಟೇ ಸಲೀಸಾಗಿ.

ನನ್ನ ಗಂಟಲಲ್ಲಿ ಅನ್ನ ನಿಂತಿತು. ಹೆಂಡತಿ ನೀರು ಮುಂದಿಟ್ಟಳು.

“ಕಂಡೀಷನ್ ಏನಮ್ಮ?”

“ಅವಳನ್ನ ಔಟ್ ಮಾಡ್ಬೇಕಂತೆ.”

ನೀರೂ ನಿಂತಿತು.

ಆಮೇಲೆ ತಿಳಿದುಬಂದ ವೃತ್ತಾಂತ ಹೀಗೆ. ಆ ಹುಡುಗಿಯನ್ನು ಎಲ್ಲರೂ ಪಾರ್ಟಿಗೆ ಕರೆಯುತ್ತಾರೆ. ಕರೆದು, ಸೋಫಾದ ಮೂಲೆಯಲ್ಲಿ ಯಾರದೋ ಅಜ್ಜಿಯ ಪಕ್ಕ ಕೂರಿಸಿ, ಕೈಗೊಂದು ಬಲೂನು ಕೊಟ್ಟುಬಿಡುತ್ತಾರೆ. ಅಜ್ಜಿಯಂದಿರಿಗೆ ನಿದ್ದೆ ಬರುತ್ತದೆ, ಬಲೂನು ಒಡೆಯುತ್ತದೆ. ಒಂದು ಮನೆಯಲ್ಲಿ ಆಟಕ್ಕೆ ಸೇರಿಸಿಕೊಳ್ಳಬೇಕೆಂದು ಮನಸ್ಸು ಮಾಡಿ ಅವಳನ್ನು ಅಂಪೈರ್ ಮಾಡಿದ್ದರಂತೆ. ಇನ್ನೊಂದು ಮನೆಯಲ್ಲಿ ನಿಂಬೆಹಣ್ಣು-ಚಮಚದ ಓಟಕ್ಕೆ ಇಳಿಸಿ, ಹಣ್ಣು ಬೀಳದಿರಲಿ ಎಂದು ಚಮಚಕ್ಕೆ ಅಂಟಿಸಿ, ಮೊದಲ ಬಹುಮಾನ ಕೊಟ್ಟು ಚಪ್ಪಾಳೆ ತಟ್ಟಿದರಂತೆ. ಲಾಯರಿಗೆ ಹಣ್ಣು ಅಲುಗಾಡದಿದ್ದಾಗಲೇ ಅನುಮಾನ ಬಂದು, ಚಮಚ ತಿರುವಿ ಹಿಡಿದಳಂತೆ. ನಿಂಬೆಹಣ್ಣು ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತಿತ್ತು.

“ಅವಳು ಇವತ್ತಿನ ತನಕ ಯಾವ ಪಾರ್ಟೀಲೂ ಔಟೇ ಆಗಿಲ್ಲ ಅಪ್ಪ. ನಮ್ಮನೇದೇ ಕೊನೇದಂತೆ. ಇಲ್ಲೂ ಹಾಗೇ ಮಾಡಿದ್ರೆ ಇನ್ಮೇಲೆ ಯಾರ ಮನೆಗೂ ಹೋಗಲ್ವಂತೆ. ನನ್ನ ಪಕ್ಕಾನೂ ಕೂರಲ್ವಂತೆ.” ಮಗಳು ತಟ್ಟೆಯ ಅಂಚನ್ನು ಉಗುರಿನಿಂದ ಕೆರೆದಳು. “ನಾನು ಮಾತು ಕೊಟ್ಟಿದ್ದೀನಿ. ನ್ಯಾಯವಾಗಿ ಔಟ್ ಮಾಡ್ತೀನಿ ಅಂತ.”

ಸರಿಯಾದ ತಂದೆ ಈ ಮಾತನ್ನು ಹೃದಯದಿಂದ ಕೇಳುತ್ತಿದ್ದ. ನಾನು ಕಸುಬಿನಿಂದ ಕೇಳಿದೆ. ನನಗೆ ಹೊಳೆದದ್ದು ಇಷ್ಟೇ: ಆ ಮನೆಗಳವರಿಗೆಲ್ಲ ಸೋಲಲು ಬರುವುದಿಲ್ಲ. ನಿಂಬೆಹಣ್ಣಿಗೆ ಅಂಟು ಹಚ್ಚುವುದು ಒಂದು ಕೆಲಸವೇ? ಅದು ಕಸುಬು ಗೊತ್ತಿಲ್ಲದವರ ಕೈಚಳಕ. ಗೆದ್ದವರಿಗೆ ಗೆದ್ದೆ ಅನ್ನಿಸುವಂತೆ ಸೋಲಬೇಕಾದರೆ ಅದರಲ್ಲಿ ಪಳಗಿದವನು ಬೇಕು. ಅಂಥವನು ಈ ಮನೆಯಲ್ಲೇ, ಈ ತಟ್ಟೆಯ ಮುಂದೆಯೇ ಕೂತಿದ್ದಾನಲ್ಲ?

ನನ್ನ ಯೋಜನೆಯನ್ನು ಅಡುಗೆಮನೆಯಲ್ಲಿ ಹೆಂಡತಿಗೆ ಬಿಚ್ಚಿಟ್ಟೆ. ಅವಳು ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. (ನನ್ನ ಮಾತಿಗೆ ಅವಳು ನಲ್ಲಿ ನಿಲ್ಲಿಸುವುದು ಒಳ್ಳೆಯ ಲಕ್ಷಣವಲ್ಲ.)

“ಮಗಳು ಹೇಳಿದ್ದೇನು, ನೀವು ಕೇಳಿಸ್ಕೊಂಡಿದ್ದೇನು?”

“ಗಿರಾಕಿ ಬಾಯಲ್ಲಿ ಹೇಳೋದೇ ಒಂದು, ಮನಸ್ಸಲ್ಲಿ ಇರೋದೇ ಒಂದು ಕಣೇ. ‘ಗಟ್ಟಿ ಮಂಚ ತೋರ್ಸಿ’ ಅಂತಾರೆ, ಮೆತ್ತಗಿನ ಹಾಸಿಗೆ ಮೇಲೆ ಕೂತು ಏಳೋದೇ ಇಲ್ಲ.”

“ಅವಳು ಗಿರಾಕಿ ಅಲ್ಲರೀ. ಮಗು.”

“ಎಲ್ಲರೂ ಗಿರಾಕಿಗಳೇ” ಎಂದೆ. ಅವಳು ನಲ್ಲಿ ತಿರುಗಿಸಿದಳು. ಚರ್ಚೆ ಮುಗಿಯಿತು ಎಂದು ನಾನು ತಿಳಿದೆ. ಅವಳ ಪ್ರಕಾರ ಅದು ಶುರುವೇ ಆಗಿರಲಿಲ್ಲ.

ಪಾರ್ಟಿಯ ದಿನ ಬೆಳಗ್ಗೆಯೇ ಅಂಗಡಿಯ ಟೆಂಪೋದಲ್ಲಿ ಊಟದ ಮೇಜಿನ ಕುರ್ಚಿಗಳನ್ನು ತರಿಸಿದೆ. ಹೊಚ್ಚಹೊಸವು, ಪ್ಲಾಸ್ಟಿಕ್ ಹೊದಿಕೆ ಸಮೇತ. (ಸಂಜೆ ವಾಪಸು ಹೋಗಿ ಮತ್ತೆ ಹೊಚ್ಚಹೊಸವಾಗಬೇಕಿತ್ತು.) ಜೊತೆಗೆ ಕೆತ್ತನೆಯ ತೋಳಿದ್ದ ಒಂದು ದೊಡ್ಡ ಕುರ್ಚಿ. ಅಂಗಡಿಯಲ್ಲಿ ಅದಕ್ಕೆ ಸಿಂಹಾಸನ ಎನ್ನುತ್ತೇವೆ. ಎಷ್ಟೋ ಕಾಲದಿಂದ ಯಾವ ರಾಜನೂ ಬಂದು ಕೇಳಿಲ್ಲ. ಮನೆಯ ಮೂಲೆ ಮೂಲೆಗೂ, ಕಪಾಟಿನ ಅಂಚಿಗೂ, ಬಾಗಿಲ ಚೌಕಟ್ಟಿಗೂ ಸೋಫಾದ ಸ್ಪಂಜು ಕಟ್ಟಿದೆ. ಮನೆಯವರಿಗೆಲ್ಲ ಕಟ್ಟಪ್ಪಣೆ: ಇವತ್ತು ಯಾರ ಬಾಯಲ್ಲೂ ‘ನೋಡು’ ಎಂಬ ಮಾತು ಬರಕೂಡದು. ಆ ಮಗುವಿನ ಮನಸ್ಸು ನೊಂದೀತು. “ನೋಡ್ರೀ, ಇದೆಲ್ಲ ಆಗೋ ಮಾತಲ್ಲ” ಎಂದಳು ಹೆಂಡತಿ. ಬೆಳಗಿನ ಮೊದಲ ಉಲ್ಲಂಘನೆ.

ಆಟಕ್ಕೆ ಮಗಳು ತನ್ನದೇ ಏರ್ಪಾಟು ಮಾಡಿಕೊಂಡಿದ್ದಳು. ಶಾಲೆಯಲ್ಲಿ ಆಡುವ ಹಾಗೆ ಕುರ್ಚಿ ಆಟ; ಕುರ್ಚಿಗಳನ್ನು ಹೊರಮುಖವಾಗಿ ದುಂಡಗೆ ಇಟ್ಟು, ಎಲ್ಲರೂ ಒಂದು ಕೈಯನ್ನು ಕುರ್ಚಿಗಳಿಗೆ ತಾಗಿಸಿಕೊಂಡೇ ಸುತ್ತಬೇಕು, ಕೈ ಬಿಟ್ಟವರು ಔಟ್. ಕೇಕು ಹಿಡಿದ ಅಷ್ಟೂ ಕೈ ಹೊಸ ಕುರ್ಚಿಗಳ ಮೇಲೆ ಆಡುವ ಚಿತ್ರ ಕಣ್ಣ ಮುಂದೆ ಬಂದು ನಾನು ಆ ನಿಯಮವನ್ನು ರದ್ದು ಮಾಡಿದೆ. ಕೈ ಹಿಡಿದು ನಡೆಸಲು ನಾನೇ ಇದ್ದೇನಲ್ಲ ಎಂದೆ. ಮಗಳು ಮುಖ ಊದಿಸಿಕೊಂಡು ಬಟ್ಟೆ ಬದಲಾಯಿಸಲು ಒಳಗೆ ಹೋದಳು. ಅದೇ ಸಮಯವೆಂದು ನಾನು ಬಂದಿದ್ದ ಮಕ್ಕಳನ್ನೆಲ್ಲ ಜಗಲಿಗೆ ಕರೆದು, ತಲೆಗೊಂದು ದೊಡ್ಡ ಚಾಕೊಲೇಟು ಹಂಚಿ, ಒಪ್ಪಂದ ಮುಗಿಸಿದೆ: ಸಂಗೀತ ನಿಂತಾಗ ಲಾಯರ್ ಕೂರುವ ಮೊದಲು ಯಾರೂ ಕೂರಬಾರದು. ಎಲ್ಲರೂ ಒಂದೇ ಉಸಿರಿಗೆ ಒಪ್ಪಿದರು. ಹಲ್ಲಿನ ಡಾಕ್ಟರ ಮಗ ಮಾತ್ರ ಎರಡು ಚಾಕೊಲೇಟು ಕೇಳಿ ತೆಗೆದುಕೊಂಡ. (ತಂದೆಯ ಕಸುಬಿನ ಹಿತ ಕಾಯುವ ಹುಡುಗ.)

ಅಷ್ಟರಲ್ಲಿ ಲಾಯರ್ ಬಂದಳು. ಕರೆತಂದ ತಾಯಿಯನ್ನು ಕಂಡ ಕೂಡಲೇ ಗುರುತು ಸಿಕ್ಕಿತು. ಶಾಲೆಯ ಯೂನಿಫಾರ್ಮ್ ಹೊಲಿಯುವ ಟೈಲರಮ್ಮ. ಬಟ್ಟೆ ಕತ್ತರಿಸಲು ಒಂದು ಉದ್ದನೆಯ ಮೇಜನ್ನು ನನ್ನಲ್ಲೇ ಕೊಂಡಿದ್ದರು. ಚೌಕಾಶಿಯಲ್ಲಿ ಗಟ್ಟಿಗಿತ್ತಿ, ಅವತ್ತು ನನ್ನ ನಿಟ್ಟುಸಿರನ್ನು ಪೂರಾ ಬಿಡಬೇಕಾಗಿ ಬಂದಿತ್ತು. ಪಕ್ಕದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಮೇಜಿನ ಕಾಲು ಸವರುತ್ತ ಸುಮ್ಮನೆ ನಿಂತಿದ್ದ ನೆನಪು.

“ಒಂದ್ಸಲ ಮನೆ ತೋರಿಸ್ಬಿಡಿ ಸಾರ್, ಆಮೇಲೆ ಅವಳೇ ನೋಡ್ಕೋತಾಳೆ” ಎಂದು ಹೇಳಿ ಟೈಲರಮ್ಮ ಹೊಲಿದ ಬಟ್ಟೆ ಕೊಟ್ಟು ಬರಲು ಹೊರಟೇಹೋದರು. ಒಂದೇ ವಾಕ್ಯದಲ್ಲಿ ತೋರಿಸುವುದೂ ಆಯಿತು, ನೋಡುವುದೂ ಆಯಿತು. ನಾನು ಬೆಚ್ಚಿ ಹುಡುಗಿಯ ಮುಖ ನೋಡಿದೆ. ಅವಳು ಬಿಳಿ ಕೋಲಿನಿಂದ ಬಾಗಿಲ ಚೌಕಟ್ಟನ್ನು ಕುಟ್ಟಿ, ಸದ್ದೇ ಬರದ್ದಕ್ಕೆ ಹುಬ್ಬೇರಿಸಿ, ಕೈಯಿಂದ ಮುಟ್ಟಿದಳು.

“ಇದೇನೇ, ನಿಮ್ಮನೆ ಗೋಡೆಗೆಲ್ಲ ದಿಂಬು ಕಟ್ಟಿದ್ದೀರಾ? ಇಲ್ಲಿ ಯಾರು ಗುದ್ದಾಡೋದು?”

“ಅಪ್ಪ ಅಮ್ಮ” ಎಂದಳು ಬಟ್ಟೆ ಬದಲಾಯಿಸಿ ಓಡಿಬಂದಿದ್ದ ಮಗಳು.

ಇಬ್ಬರೂ ಕೈಹಿಡಿದು ಮನೆಯೆಲ್ಲ ಸುತ್ತಿ ಬಂದರು. ನನ್ನ ಮುಂದೆ ಬಂದಾಗ ಹುಡುಗಿ ಕೈಮುಗಿದು, “ನಮಸ್ತೆ ಅಂಕಲ್. ನಿಮ್ಮನ್ನ ನೋಡಿದ್ದೀನಿ, ಅಂಗಡೀಲಿ” ಎಂದಳು. ನಾನು ಕಟ್ಟಪ್ಪಣೆ ಹೊರಡಿಸಿದ್ದು ಇವಳ ಸಲುವಾಗಿ, ಇವಳೇ ಮುರಿಯುತ್ತಿದ್ದಾಳೆ. ಅಲ್ಲಿಗೇ ನಾನು ಎಚ್ಚರವಾಗಬೇಕಿತ್ತು. ಆಗಲಿಲ್ಲ. ಪಳಗಿದವರ ಪಾಡೇ ಇಷ್ಟು.

ಆಟ ಶುರುವಾಯಿತು. ಮಕ್ಕಳ ತಂದೆತಾಯಿಯರೆಲ್ಲ ಗೋಡೆಗೆ ಒರಗಿ ತಟ್ಟೆ ಹಿಡಿದು ನಿಂತರು. ಪರದೆಯ ಹಿಂದೆ ಹೆಂಡತಿ ಹಾಡು ಹಾಕಿದಳು. ನಾನು ಲಾಯರಿನ ಕೈಹಿಡಿದು ಸುತ್ತಿಸಿದೆ. ಸಿಂಹಾಸನದ ಎದುರು ಬಂದಾಗ ಪರದೆಯ ಸಂದಿಯಿಂದ ಇಣುಕುತ್ತಿದ್ದ ಹೆಂಡತಿಗೆ ಸನ್ನೆ ಮಾಡಿದೆ, ಹಾಡು ನಿಂತಿತು, ಹುಡುಗಿಯನ್ನು ಮೆತ್ತಗೆ ಕೂರಿಸಿದೆ. ಎಲ್ಲ ನಯವಾಗಿ, ಎಣ್ಣೆ ಹಾಕಿದ ಡ್ರಾಯರಿನ ಹಾಗೆ ನಡೆಯಿತು. ಒಂದನ್ನು ಬಿಟ್ಟು. ಉಳಿದ ಮಕ್ಕಳು ಯಾರೂ ಕೂರಲೇ ಇಲ್ಲ.

ಒಪ್ಪಂದದಲ್ಲಿ ‘ಅವಳು ಕೂರುವ ಮೊದಲು ಕೂರಬಾರದು’ ಎಂದಿದ್ದೆನೇ ಹೊರತು ಆಮೇಲೆ ಕೂರಬೇಕು ಎಂದಿರಲಿಲ್ಲ. ತಿಂದ ಚಾಕೊಲೇಟಿಗೆ ಮೋಸ ಮಾಡಬಾರದೆಂಬ ಕಟ್ಟುನಿಟ್ಟಿನ ಮಕ್ಕಳು. ಅಷ್ಟೂ ಜನ ಖಾಲಿ ಕುರ್ಚಿಗಳ ಪಕ್ಕ ಕೈಕಟ್ಟಿಕೊಂಡು, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ನಿಂತುಬಿಟ್ಟರು. ಮಧ್ಯೆ ಸಿಂಹಾಸನದ ಮೇಲೆ ಲಾಯರ್, ನೆಲ ಮುಟ್ಟದ ಕಾಲು ಆಡಿಸುತ್ತ. ಅವಳು ತಲೆ ಒಂದು ಕಡೆ ವಾಲಿಸಿ ಆಲಿಸಿದಳು.

“ಬೇರೆ ಯಾವ ಕುರ್ಚಿದೂ ಪ್ಲಾಸ್ಟಿಕ್ ಸದ್ದಾಗ್ಲಿಲ್ಲ. ಯಾರೂ ಯಾಕೆ ಕೂತಿಲ್ಲ?”

ಹಲ್ಲಿನ ಡಾಕ್ಟರ ಮಗನ ಬಾಯಲ್ಲಿ ಎರಡನೆಯ ಚಾಕೊಲೇಟಿತ್ತು.

“ಅಂಕಲ್, ಇದು ಆಟಾನಾ, ಸನ್ಮಾನಾನಾ?”

ಅಂಗಡಿಯಲ್ಲಿ ಇಂಥ ಹೊತ್ತಿನಲ್ಲಿ ಮಾಡುವುದೊಂದೇ: ಕೈತಪ್ಪುತ್ತಿರುವ ವ್ಯವಹಾರಕ್ಕೆ ಮಾಲೀಕನೇ ಖುದ್ದಾಗಿ ಇಳಿಯುವುದು. “ಅವರಿಗೆಲ್ಲ ನಿನ್ನ ಕಂಡ್ರೆ ಭಯ ಕಣಮ್ಮ. ನನ್ನ ಜೊತೆ ಆಡು ಬಾ. ಒಂದೇ ಕುರ್ಚಿ, ನಾವಿಬ್ಬರೇ” ಎಂದೆ. ನಿಯಮ ರದ್ದಾದ ಸಿಟ್ಟಿಗೆ ಆಟಕ್ಕೇ ಸೇರದೆ ಹೊಸ ಲಂಗದಲ್ಲಿ ಬಾಗಿಲಲ್ಲೇ ನಿಂತಿದ್ದ ಮಗಳು “ಅಪ್ಪಾ, ಬೇಡ” ಎಂದಳು. ನಾನು ಕೇಳಿಸದವನ ಹಾಗೆ ಸಿಂಹಾಸನವನ್ನು ನಡುವೆ ಎಳೆದೆ.

ನಾನು ಆಡಿದ್ದನ್ನು ನೀವು ನೋಡಬೇಕಿತ್ತು. ಏದುಸಿರು ಬಿಟ್ಟೆ. ಕಾಲು ಧಡಧಡ ಸದ್ದು ಮಾಡಿ ಓಡಿದೆ. ಹಾಡು ನಿಂತಾಗ ‘ಅಯ್ಯೋ ಸಿಕ್ಕಿತು, ಸಿಕ್ಕಿತು’ ಎನ್ನುತ್ತ ಕುರ್ಚಿಯ ತೋಳಿಗೆ ಕೈಹಾಕಿ, ಜಾರಿದವನಂತೆ ಪಕ್ಕಕ್ಕೆ ಬಿದ್ದೆ. ಅಷ್ಟರಲ್ಲಿ ಹುಡುಗಿ ತಡವಿ ಬಂದು ಕೂತಾಗಿತ್ತು. ನೆಲದ ಮೇಲಿದ್ದೆನಲ್ಲ, ಅಭ್ಯಾಸ ನೋಡಿ, ತಾನಾಗಿ ಬಂತು. ತ್ಚ್. ಚಾವಣಿಯ ಕಡೆಗೊಂದು ನೋಟ. ಆಮೇಲೆ ಆ ದೀರ್ಘ ನಿಟ್ಟುಸಿರು. “ಹೋಗ್ಲಿ ಬಿಡಮ್ಮ. ನೀನೇ ಗೆದ್ದೆ.”

ಹುಡುಗಿಯ ಆಡುತ್ತಿದ್ದ ಕಾಲುಗಳು ನಿಂತವು.

“ಅಂಕಲ್, ಇನ್ನೊಂದ್ಸಲ ಉಸಿರು ಬಿಡಿ.”

“ಯಾಕಮ್ಮ?”

“ಇದು ನಿಮ್ಮ ಅಂಗಡಿ ಉಸಿರು” ಎಂದಳು. “ಅಮ್ಮ ಮೇಜು ತಗೊಂಡಾಗ ಬಿಟ್ರಲ್ಲ, ಅದೇ. ತ್ಚ್ ಅಂದ್ರಿ, ಉಸಿರು ಬಿಟ್ರಿ, ಹೋಗ್ಲಿ ಬಿಡಿ ಅಂದ್ರಿ. ಅಮ್ಮಂಗೆ ಪಾಪ ಅನ್ನಿಸ್ತು. ನಾವು ಮೆಟ್ಟಿಲು ಇಳಿಯೋಷ್ಟ್ರಲ್ಲಿ ನೀವು ಒಳಗೆ ಹಾಡು ಗುನುಗ್ತಾ ಇದ್ರಿ. ಖುಷೀಲಿ. ಸೋತೋರು ಗುನುಗ್ತಾರಾ?”

ಗೋಡೆಯ ಪಕ್ಕ ನಿಂತಿದ್ದವರಲ್ಲಿ ನನ್ನ ಗಿರಾಕಿಯಲ್ಲದವರು ಒಬ್ಬರೂ ಇರಲಿಲ್ಲ. (ಕರೆಯುವಾಗ ಅದನ್ನೇ ಹೆಮ್ಮೆಯಿಂದ ಲೆಕ್ಕ ಹಾಕಿದ್ದೆ.) ಮೊದಲು ಹಲ್ಲಿನ ಡಾಕ್ಟರು ಕೇಕಿನ ತಟ್ಟೆ ಕೆಳಗಿಟ್ಟರು.

“ನನ್ನ ಸೋಫಾಗೂ ಇದೇ ಬಿಟ್ಟಿದ್ರಿ” ಎಂದರು ಬಹಳ ನಿಧಾನವಾಗಿ. “ನಾನು ನಿಮ್ಮನ್ನ ಸಮಾಧಾನ ಮಾಡಿ, ಬಿಟ್ಟಿ ಹಲ್ಲು ನೋಡ್ತೀನಿ ಬನ್ನಿ ಅಂದಿದ್ದೆ. ಬಂದು ಎರಡು ಹಲ್ಲು ತುಂಬಿಸ್ಕೊಂಡೂ ಹೋದ್ರಿ.”

ಬ್ಯಾಂಕ್ ಮ್ಯಾನೇಜರರ ಹೆಂಡತಿ, ತಮ್ಮ ಊಟದ ಮೇಜಿನ ವ್ಯಾಪಾರದಲ್ಲಿ ನನ್ನ ಕಣ್ಣಲ್ಲಿ ನೀರೂ ಬಂದಿತ್ತೆಂದು ಎಲ್ಲರಿಗೂ ತಿಳಿಸಿದರು. ಆ ರಾತ್ರಿ ಅವರಿಗೆ ಊಟವೇ ಸೇರಿರಲಿಲ್ಲವಂತೆ. ಆ ಮೇಜಿನ ಮೇಲೆಯೇ ಸೇರಿರಲಿಲ್ಲವಂತೆ. ಒಬ್ಬೊಬ್ಬರಾಗಿ ತಂತಮ್ಮ ಮಂಚ ಕಪಾಟುಗಳನ್ನು ನೆನಪಿಸಿಕೊಳ್ಳತೊಡಗಿದಾಗ ಪರದೆ ಸರಿಯಿತು. ನನ್ನ ಹೆಂಡತಿ ಹೊರಗೆ ಬಂದಳು. ಮುಖದಲ್ಲಿ ಕೋಪವಿರಲಿಲ್ಲ, ಬಹುಕಾಲದ ಒಗಟೊಂದು ಬಿಡಿಸಿಕೊಂಡ ನಿರಾಳವಿತ್ತು. ಅದು ಕೋಪಕ್ಕಿಂತ ಕೆಟ್ಟದ್ದು.

“ನಾನು ತವರಿಗೆ ಹೋಗಿ ಬರ್ತೀನಿ ಅಂದಾಗೆಲ್ಲ ಇದೇ ಉಸಿರು. ‘ಹೋಗ್ಲಿ ಬಿಡು, ನಿನಗೋಸ್ಕರ.’ ಪಾಪ ಒಬ್ಬರೇ ಹೇಗಿರ್ತಾರೋ ಅಂತ ನಾನು ಎರಡೇ ದಿನಕ್ಕೆ ಓಡಿ ಬರ್ತಿದ್ದೆ. ಹೊರಟು ಗೇಟು ದಾಟೋವಾಗಲೇ ಒಳಗಿಂದ ಹಾಡು ಕೇಳ್ತಿತ್ತು. ರೇಡಿಯೋ ಅಂದ್ಕೊಂಡಿದ್ದೆ.”

ಇಷ್ಟಾದರೂ ನನಗೆ ನಿಜವಾಗಿ ಏಟು ಬಿದ್ದದ್ದು ಆಮೇಲೆ. ಲಾಯರ್ ಸಿಂಹಾಸನದಿಂದ ಇಳಿದಳು. ಮಡಚಿಟ್ಟಿದ್ದ ಕೋಲನ್ನು ಟಕ್ ಟಕ್ ಎಂದು ಬಿಡಿಸಿದಳು. “ಅಮ್ಮಂಗೆ ಫೋನ್ ಮಾಡಿ ಆಂಟಿ. ನಾನು ಹೋಗ್ತೀನಿ” ಎಂದಳು. ಅಳಲಿಲ್ಲ. ಇದು ಹೀಗೇ ಆಗುತ್ತದೆಂದು ಮೊದಲೇ ಗೊತ್ತಿತ್ತು ಎಂಬ ದನಿ. ಬೇಗ ಬಿಟ್ಟುಕೊಟ್ಟರೆ ಮಾಲು ಹುಳುಕು ಎಂದು ಅವಳಿಗೆ ಅವರಮ್ಮ ಹೇಳಿಕೊಟ್ಟಿದ್ದರಂತೆ. ಅದನ್ನೂ ಹೇಳಿದಳು, ನನ್ನನ್ನು ಚುಚ್ಚಲಿಕ್ಕಲ್ಲ, ಮಾತಿಗೆ.

ನನ್ನ ಮಗಳು ಓಡಿಬಂದು ಅವಳ ಕೋಲು ಹಿಡಿದುಕೊಂಡಳು. “ನಾನಲ್ಲ ಕಣೇ. ನನಗೆ ಗೊತ್ತೇ ಇರ್ಲಿಲ್ಲ. ನಮ್ಮಪ್ಪ ಮಾಡಿದ್ದು.” ಹುಟ್ಟುಹಬ್ಬದ ದಿನ ಅವಳ ಕಣ್ಣಿಂದ ಬಳಬಳ ನೀರು ಇಳಿಯುತ್ತಿತ್ತು. ಆ ಸೋಲಿಗೆ ನಿಟ್ಟುಸಿರು ಇರಲಿಲ್ಲ, ಚಾವಣಿ ನೋಡುವುದೂ ಇರಲಿಲ್ಲ. ನಿಜವಾದ ಸೋಲು ಹೇಗಿರುತ್ತದೆಂದು ನಾನು ಹತ್ತಿರದಿಂದ ಕಂಡದ್ದು ಆಗಲೇ. ತುಂಬ ಚಿಕ್ಕದಾಗಿರುತ್ತದೆ. ಮೂಗು ಸುರಿಸಿಕೊಂಡಿರುತ್ತದೆ.

“ಔಟ್ ಮಾಡ್ತೀಯಾ?” ಎಂದಳು ಲಾಯರ್.

“ಮಾಡ್ತೀನಿ.”

“ನಿಜವಾಗಿ?”

“ನೀನು ಅಳೋ ಹಾಗೆ ಮಾಡ್ತೀನಿ.”

ಕೋಲು ಮಡಚಿಕೊಂಡಿತು.

ಮುಂದಿನದರಲ್ಲಿ ನನ್ನ ಪಾತ್ರ ಗೋಡೆಗೆ ಕಟ್ಟಿದ ಸ್ಪಂಜಿನಷ್ಟೇ. ಸಿಂಹಾಸನ ಮೂಲೆ ಸೇರಿತು. ಕುರ್ಚಿಗಳು ಹೊರಮುಖವಾಗಿ ದುಂಡಗೆ ಕೂತವು, ಮಕ್ಕಳ ಲೆಕ್ಕಕ್ಕೆ ಒಂದು ಕಮ್ಮಿ. ಎಲ್ಲರ ಒಂದು ಕೈ ಕುರ್ಚಿಯ ಮೇಲೆ ಎಂಬ ನಿಯಮ ಮರಳಿ ಜಾರಿಗೆ ಬಂತು, ನನ್ನ ಪಾಲಿಶಿನ ಸಮಾಧಿಯ ಮೇಲೆ. ಹಾಡಿನ ಅಧಿಕಾರ ಹಲ್ಲಿನ ಡಾಕ್ಟರಿಗೆ ಹೋಯಿತು. ಯಾರ ಸನ್ನೆಯೂ ಕಾಣದಂತೆ ಅವರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಲಾಯಿತು.

ಹಾಡು ನಿಂತಿತು. ಲಾಯರ್ ಮಿಂಚಿನಂತೆ ತಿರುಗಿ, ಕೈಯಲ್ಲಿದ್ದ ಕುರ್ಚಿಗೆ ಬಿದ್ದಳು. ಬೀಳುವಾಗ ಡಾಕ್ಟರ ಮಗನ ಹೊಟ್ಟೆಗೆ ಮೊಣಕೈಯಿಂದ ಒಂದು ತಿವಿತ. ಅವನು ಔಟ್. ನಾನು ಕಣ್ಣು ಬಿಟ್ಟುಕೊಂಡು ನಿಂತೆ. ಎರಡನೆಯ ಸುತ್ತಿನಲ್ಲಿ, ಸಣ್ಣಗೆ ಕಾಲು ಚಾಚಿ, ಹಿಂದೆ ಬರುತ್ತಿದ್ದ ಹುಡುಗಿಯನ್ನು ಎಡವಿಸಿದಳು. ನಾನು ಸ್ಪಷ್ಟವಾಗಿ ಕಂಡೆ. ಕಣ್ಣು ಕಾಣದ ಮಗು ಮೋಸ ಮಾಡುತ್ತದೆ ಎಂಬುದು ನನ್ನ ತಿಳುವಳಿಕೆಯಲ್ಲೇ ಇರಲಿಲ್ಲ. ಅಂಥ ಮಕ್ಕಳೆಂದರೆ ಗೂಡಿನಲ್ಲಿಟ್ಟ ಹಣತೆಯ ಹಾಗೆ, ಮೆತ್ತಗೆ, ತಣ್ಣಗೆ ಇರುತ್ತವೆಂದು ನಾನು ತಿಳಿದಿದ್ದೆ. ಎಡವಿದ ಹುಡುಗಿ ದೂರು ಹೇಳಿದಾಗ ಲಾಯರ್ ಮುಖವನ್ನು ಆ ಹಣತೆಯಂತೆಯೇ ಮಾಡಿಕೊಂಡು, “ನನಗೆ ಕಾಣಿಸಲ್ವಲ್ಲ, ಗೊತ್ತಾಗ್ಲಿಲ್ಲ” ಎಂದಳು.

ನಾನು ಕರಗಿದೆ. ಹೋಗಲಿ ಬಿಡಿ ಎನ್ನಲು ಬಾಯಿ ತೆರೆದೆ.

“ಸುಳ್ಳಿ” ಎಂದಳು ಮಗಳು. “ಸ್ಕೂಲಲ್ಲೂ ಹೀಗೇ ಅಂತಾಳೆ. ಇನ್ನೊಂದ್ಸಲ ಕಾಲು ಚಾಚಿದ್ರೆ ಸೀದಾ ಔಟ್.” ಲಾಯರ್ ಹಲ್ಲಿಲ್ಲದ ಸಂದಿಯಿಂದ ನಕ್ಕಳು. ನನ್ನ ಬಾಯಿ ತೆರೆದೇ ಇತ್ತು. ಹೆಂಡತಿ ಬಂದು ಅದಕ್ಕೊಂದು ಕೇಕಿನ ತುಂಡು ಇಟ್ಟು ಮುಚ್ಚಿದಳು.

ಕುರ್ಚಿಗಳು ಕರಗುತ್ತ ಬಂದು ಕೊನೆಗೆ ಒಂದೇ ಉಳಿಯಿತು. ಸುತ್ತುತ್ತಿದ್ದವರು ಇಬ್ಬರು, ನನ್ನ ಮಗಳು ಮತ್ತು ಲಾಯರ್. ಒಬ್ಬರನ್ನೊಬ್ಬರು ಮೂಸಿ ನೋಡುವ ಬೆಕ್ಕುಗಳ ಹಾಗೆ. ಹಾಡು ನಿಂತಿತು. ಪ್ಲಾಸ್ಟಿಕ್ ಬರಬರ ಎಂದಿತು. ಇಬ್ಬರೂ ಒಂದೇ ಕುರ್ಚಿಗೆ ಅರ್ಧರ್ಧ ಕೂತರು, ನನ್ನ ಮಗಳು ಹಲ್ಲುಕಚ್ಚಿ ಸೊಂಟದಿಂದ ಒಂದು ನೂಕು ಕೊಟ್ಟಳು. ಲಾಯರ್ ಕುರ್ಚಿಯಿಂದ ಹಾರಿ ನೆಲಕ್ಕೆ ದೊಪ್ಪೆಂದು ಬಿದ್ದಳು. ಇಡೀ ಮನೆಯಲ್ಲಿ ಸ್ಪಂಜು ಕಟ್ಟದ ಜಾಗ ಅದೊಂದೇ.

ಸರಿಯಾಗಿ ಆ ಕ್ಷಣಕ್ಕೆ ಬಾಗಿಲಲ್ಲಿ ಟೈಲರಮ್ಮ ಬಂದು ನಿಂತರು.

ಅವರು ಕಂಡದ್ದು ಇದು: ತಮ್ಮ ಮಗಳು ನೆಲದ ಮೇಲೆ, ನನ್ನ ಮಗಳು ಕುರ್ಚಿಯ ಮೇಲೆ, ನಾನು ಬಾಯಲ್ಲಿ ಕೇಕು ತುಂಬಿಕೊಂಡು ಮಧ್ಯದಲ್ಲಿ. ಏನೋ ಹೇಳಹೋದೆ, ಕೇಕು ಬಿಡಲಿಲ್ಲ.

“ಏನಾಯ್ತೇ?” ಎಂದರು ಟೈಲರಮ್ಮ.

“ಅಮ್ಮಾ, ನಾನು ಔಟ್!” ಮಗು ಬಿದ್ದಲ್ಲಿಂದಲೇ ಕೂಗಿತು. ಬಹುಮಾನ ಸಿಕ್ಕವರೂ ಹಾಗೆ ಕೂಗುವುದನ್ನು ನಾನು ಕೇಳಿಲ್ಲ. “ನಿಜವಾಗ್ಲೂ ಔಟ್! ಇವಳು ನೂಕಿದ್ಲು!”

ಟೈಲರಮ್ಮ ಒಳಗೆ ಬಂದು ನನ್ನ ಮಗಳ ಎದುರು ಬಗ್ಗಿ, ಅವಳ ಕೆನ್ನೆಯ ಮೇಲೆ ಒಣಗಿದ್ದ ಕಣ್ಣೀರಿನ ಗೆರೆಯನ್ನು ಬಟ್ಟೆ ಸವರಿ ಒರಟಾದ ಬೆರಳಿನಿಂದ ಒರೆಸಿ, “ಒಳ್ಳೇ ಕೆಲಸ ಮಾಡ್ದೆ ಕಣಮ್ಮ” ಎಂದರು. ಆಮೇಲೆ ಮುಖ ತಿರುಗಿಸಿ ಸ್ವಲ್ಪ ಹೊತ್ತು ಗೋಡೆಯ ಸ್ಪಂಜನ್ನೇ ನೋಡುತ್ತ ನಿಂತರು. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಅಷ್ಟಕ್ಕೆ ಮುಗಿಯಿತೆನ್ನಬೇಡಿ. ನೆಲದಿಂದ ಎದ್ದು ಲಂಗ ಕೊಡವಿಕೊಂಡ ಲಾಯರ್, ಈಗ ತಾನು ಔಟೇ ಅಲ್ಲ, ತನ್ನ ಕೈ ಕುರ್ಚಿಯ ಮೇಲೆ ಮೊದಲಿತ್ತು, ನೂಕುವುದು ರೂಲ್ಸಿನಲ್ಲೇ ಇಲ್ಲ ಎಂದು ವಾದ ಹೂಡಿದಳು. ಕಾಲು ಚಾಚುವುದು ರೂಲ್ಸಿನಲ್ಲಿ ಇದೆಯಾ ಎಂದು ನನ್ನ ಮಗಳು. ಹಾಡು ನಿಲ್ಲಿಸಿದ ಡಾಕ್ಟರನ್ನು ಸಾಕ್ಷಿಗೆ ಕರೆಯಲಾಯಿತು. ಅವರು ಗೋಡೆಗೆ ಮುಖ ಮಾಡಿದ್ದರಿಂದ ಏನೂ ಕಂಡಿಲ್ಲವೆಂದರು. “ಕಾಣದೇ ಇದ್ರೆ ಏನಂತೆ, ಕೇಳಿಸ್ಲಿಲ್ವಾ?” ಎಂದು ಲಾಯರ್ ಅವರನ್ನೂ ಜಾಡಿಸಿದಳು. ಮುಂದಿನ ಭಾನುವಾರ ಮರುಪಂದ್ಯ ಎಂದು ತೀರ್ಮಾನವಾದ ಮೇಲೆಯೇ ಮನೆ ಖಾಲಿಯಾಯಿತು. ಕೇಕು ಮೆತ್ತಿದ ಹೊಚ್ಚಹೊಸ ಕುರ್ಚಿಗಳು ಈಗ ನಮ್ಮ ಮನೆಯವೇ.

ಮರುಪಂದ್ಯ ನಡೆಯುತ್ತಲೇ ಇದೆ. ಅದು ಅವರ ವ್ಯವಹಾರ. ನನ್ನ ವ್ಯವಹಾರದ ಗತಿ ಕೇಳಿ. ಪಾರ್ಟಿ ಕಳೆದು ಅಂಗಡಿ ತೆರೆದರೆ ಮೊದಲು ಬಂದವರು ಹಲ್ಲಿನ ಡಾಕ್ಟರು, ಒಂದು ಸ್ಟೂಲು ಕೊಳ್ಳಲು. ಬೆಲೆಯ ಮಾತು ಮುಗಿಯುತ್ತ ಬಂದು ನಾನು ಎದೆ ಉಬ್ಬಿಸಿ ಉಸಿರು ಎಳೆದುಕೊಂಡೆನಷ್ಟೇ, ಅವರು ಬೆರಳೆತ್ತಿ, “ಬಿಡಬೇಡಿ. ಒಳಗೇ ಇಟ್ಕೊಳ್ಳಿ” ಎಂದರು. ಸುದ್ದಿ ಬೀದಿಯೆಲ್ಲ ಹರಡಿದೆ. ಮೊನ್ನೆ ಗೊತ್ತಿಲ್ಲದ ಗಿರಾಕಿಯೊಬ್ಬ ಮಂಚ ನೋಡಿ, “ಉಸಿರಿನ ಅಂಗಡಿ ಇದೇನಾ?” ಎಂದು ಕೇಳಿದ. ನಾನೀಗ ಒಂದೇ ಬೆಲೆ ಹೇಳುವ ದುಃಸ್ಥಿತಿಗೆ ಇಳಿದಿದ್ದೇನೆ. ಹೆಂಡತಿ ತವರಿಗೆ ಹೋದರೆ ಪೂರ್ತಿ ವಾರ ಇದ್ದು ಬರುತ್ತಾಳೆ.

ಕೊನೆಯ ಪೆಟ್ಟು ಕಳೆದ ವಾರದ್ದು. ಟೈಲರಮ್ಮ ಮಗಳಿಗೊಂದು ಮಂಚ ಬೇಕೆಂದು ಬಂದರು. ಹುಡುಗಿ ಮಂಚದ ತಲೆಯಿಂದ ಕಾಲಿನವರೆಗೆ ಕೈಯಾಡಿಸಿದಳು, ಅಲುಗಾಡಿಸಿದಳು, ಹತ್ತಿ ಎರಡು ಸಲ ಕುಣಿದಳು. ನಾನು ಒಂದು ಬೆಲೆ ಹೇಳಿದೆ; ದೇವರಾಣೆಗೂ ನ್ಯಾಯವಾದ ಬೆಲೆ. ಟೈಲರಮ್ಮ ಮಗಳ ಕಡೆ ತಿರುಗಿದರು.

ಹುಡುಗಿ ನಾಲಿಗೆಯಿಂದ ‘ತ್ಚ್’ ಎಂದಳು. ಗಲ್ಲವನ್ನು ಚಾವಣಿಯ ಕಡೆಗೆ ಎತ್ತಿದಳು. ಆ ಪುಟ್ಟ ಭುಜಗಳು ಕುಸಿದವು, ಎಲ್ಲಿಂದಲೋ, ಏಳು ಸಾಗರದಾಚೆಯಿಂದಲೋ, ಒಂದು ನಿಟ್ಟುಸಿರು ಹೊರಟು ಬಂದು ನನ್ನ ಅಂಗಡಿಯನ್ನೆಲ್ಲ ತುಂಬಿತು.

“ಹೋಗ್ಲಿ ಬಿಡಿ ಅಂಕಲ್. ನಿಮಗೋಸ್ಕರ ತಗೋತೀವಿ.”

ಆಣೆ ಮಾಡಿ ಹೇಳುತ್ತೇನೆ, ಅದರ ಒಂದೊಂದು ಮಡಿಕೆಯೂ ನನಗೆ ಗೊತ್ತು. ಆದರೂ ಕರುಳು ಚುರುಕ್ಕೆಂದಿತು. ಯಾರೂ ಕೇಳದೆಯೇ ಬೆಲೆ ಇಳಿಸಿದೆ. ಮನಸ್ಸು ತಡೆಯದೆ ಎರಡು ದಿಂಬು ಕೊಟ್ಟೆ. ಟೆಂಪೋ ಬಾಡಿಗೆಯೂ ನನ್ನದೇ ಎಂದೆ. ತಾಯಿಮಗಳು ದಿಂಬು ಹಿಡಿದು ಹೊರಟರು. ಆ ಬಡಪಾಯಿಯ ಬೆನ್ನು ನೋಡುತ್ತ ಬಾಗಿಲಲ್ಲೇ ನಿಂತಿದ್ದೆ.

ಬಿಳಿ ಕೋಲು ಟಕ್ ಟಕ್ ಎಂದು ಮೆಟ್ಟಿಲಿಳಿಯಿತು. ಅದರ ತಾಳಕ್ಕೆ ಸರಿಯಾಗಿ, ಹಲ್ಲಿಲ್ಲದ ಸಂದಿಯಿಂದ ಸೀಟಿಯಂತೆ ತೂರಿಬರುತ್ತ, ಗುನುಗು ಶುರುವಾಯಿತು. ನನ್ನದೇ ಹಾಡು.